ಹಸಿದ ಮನೆಗೆ ಪೊಟ್ಟಣ ಕಟ್ಟುವ ಮೊದಲು

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಊರಿನವರು. ಯುವಕ ಸಂಘದವರೂ ಕುಟುಂಬಶ್ರೀ ಮಹಿಳಾ ಸಂಘದ ಕೆಲವು ಹೆಂಗಸರೂ ಸೇರಿ, ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಕೆಲಸವಿಲ್ಲದೆ ಕಷ್ಟಪಡುವ ಮನೆಗಳಿಗೆ ಪ್ರತಿ ಭಾನುವಾರ ಮಧ್ಯಾಹ್ನದ ಊಟದ ಪೊಟ್ಟಣ ಕೊಡಲು ಶುರು ಮಾಡಿದೆವು. ಸುಮಾರು 60 ಪೊಟ್ಟಣ. ಬೆಳಿಗ್ಗೆ ಆರೂವರೆಗೆ ಅನ್ನ ಇಳಿಸಿ, ಆರಲು ಬಿಟ್ಟು, ಒಂಬತ್ತಕ್ಕೆ ಬಾಳೆಲೆಯಲ್ಲಿ ಕಟ್ಟುತ್ತಿದ್ದೆವು. ಹನ್ನೊಂದೂವರೆಗೆ ಹೊರಟರೆ ಕೊನೆಯ ಮನೆ ಮುಟ್ಟುವಾಗ ಒಂದೂವರೆ. ಮೂರನೇ ವಾರ ಒಬ್ಬರು ಅಜ್ಜಿ ಮೂರು ಗಂಟೆಗೆ ಊಟ ಮಾಡಿದರು. ಐದಕ್ಕೆ ವಾಂತಿ ಶುರುವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಈಗ ಚೆನ್ನಾಗಿದ್ದಾರೆ. ಬೇರೆ ಯಾರಿಗೂ ಏನೂ ಆಗಲಿಲ್ಲ. ಅದೇ ದಿನ ಕಾಲನಿಯ ಹತ್ತಿರ ತೋಡಿನ (ಹಳ್ಳದ) ಬದಿಯಲ್ಲಿ ನಾಲ್ಕೈದು ಪೊಟ್ಟಣ ಬಿಸಾಡಿದ್ದು ಕಂಡಿತು. ಈಗ ನಮ್ಮೊಳಗೇ ಜಗಳ. ಕೆಲವರು ನಿಲ್ಲಿಸೋಣ ಅನ್ನುತ್ತಾರೆ. ಕೆಲವರು ಅಕ್ಕಿ ಬೇಳೆಯ ಕಿಟ್ ಕೊಡೋಣ, ಇಲ್ಲವಾದರೆ ಮದುವೆ ಹಾಲ್‌ನಲ್ಲಿ ಉಳಿದದ್ದನ್ನು ತಂದು ಹಂಚೋಣ ಅನ್ನುತ್ತಾರೆ. ರೇಷನ್ ಪುಕ್ಕಟೆ ಸಿಗುವಾಗ ಹಸಿವು ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. ಲೈಸೆನ್ಸ್ ಇಲ್ಲದೆ ಊಟ ಕೊಡುವುದು ಅಪರಾಧವಾ? ನಾವು ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿದೆವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇದೆ. ನಮ್ಮ ಊಟದಿಂದಲೇ ಅಜ್ಜಿಗೆ ಹಾಗಾಯಿತಾ ಎಂಬುದು ಒಂದು. ನಮ್ಮ ಊಟ ಅವರಿಗೆ ಬೇಕಿತ್ತಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗಡಿಯಾರದಲ್ಲಿದೆ. ಎರಡನೆಯದಕ್ಕೆ ಆ ಮನೆಗಳ ಅಡಿಗೆಕೋಣೆಯೊಳಗೆ ಹೋಗಿ ನೋಡಬೇಕು. ಸಮುದಾಯ ಆರೋಗ್ಯ ವೈದ್ಯೆಯಾಗಿ ಇಂಥ ಅಡಿಗೆ ಶಾಲೆಗಳನ್ನೂ ಇಂಥ ಮನೆಗಳನ್ನೂ ತುಂಬ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಲ್ಲಿಸಿ ಎಂದು ಮಾತ್ರ ನಾನು ಹೇಳುವುದಿಲ್ಲ.

ಅನ್ನ ಆರೂವರೆಗೆ ಇಳಿಯಿತು. ಅಜ್ಜಿ ಉಂಡದ್ದು ಮೂರಕ್ಕೆ. ನಡುವೆ ಎಂಟೂವರೆ ಗಂಟೆ. ಊಟ ಆಗಿ ಎರಡು ಗಂಟೆಯಲ್ಲಿ ವಾಂತಿ. ಒಬ್ಬರ ವಾಂತಿ ನೋಡಿ ಪೊಟ್ಟಣವೇ ಕಾರಣ ಎಂದು ತೀರ್ಪು ಕೊಡಲು ಆಗುವುದಿಲ್ಲ. ಆದರೆ ನನ್ನ ಎದುರು ಇಂಥ ರೋಗಿ ಬಂದರೆ ನಾನು ಮೊದಲು ಕೇಳುವುದೇ ಅನ್ನದ ವಿಷಯ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಮಣ್ಣಿನಿಂದ ಬಂದವು, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅನ್ನ ಕುದಿಯುವಾಗ ಉಳಿದ ಬ್ಯಾಕ್ಟೀರಿಯಾ ಸತ್ತರೂ ಈ ಬೀಜಕಣ ಸಾಯುವುದಿಲ್ಲ. ಅನ್ನ ಬಿಸಿ ಕಳೆದುಕೊಂಡು ಉಗುರುಬೆಚ್ಚಗಾದಾಗ ಅವು ಮೊಳೆಯುತ್ತವೆ. ಆ ಬಿಸಿಯಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಬೆಳೆಯುತ್ತ ಒಂದು ವಿಷ ಬಿಡುತ್ತವೆ. ಆ ವಿಷ ತಿಂದರೆ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಕೈಯ ಗಾಯದಿಂದ, ಮೂಗಿನಿಂದ ಊಟಕ್ಕೆ ಬೀಳುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೂಡ ಹೆಚ್ಚುಕಡಿಮೆ ಇದೇ ರೀತಿ, ಇದೇ ಹೊತ್ತಿಗೆ ಕಾಡುತ್ತದೆ.

'ಮತ್ತೆ ಬಿಸಿ ಮಾಡಿದರೆ ಎಲ್ಲ ಸರಿಯಾಗುತ್ತದೆ' ಎಂದು ತುಂಬ ಜನ ನಂಬಿದ್ದಾರೆ. ಇದು ತಪ್ಪು. ಈ ಎರಡೂ ವಿಷಗಳು ಮನೆಯ ಒಲೆಯ ಬಿಸಿಗೆ ನಾಶವಾಗುವುದಿಲ್ಲ. 'ಮೂಸಿ ನೋಡಿದರೆ ಗೊತ್ತಾಗುತ್ತದೆ' ಎಂಬುದೂ ತಪ್ಪು. ಹಳಸಿದ ವಾಸನೆ ಬರಿಸುವ ಸೂಕ್ಷ್ಮಜೀವಿಗಳು ಬೇರೆ, ವಾಂತಿ ಮಾಡಿಸುವವು ಬೇರೆ. ಘಮಘಮಿಸುವ ಊಟದಲ್ಲೂ ವಿಷ ಇರಬಹುದು.

ಬೇರೆ ಯಾರಿಗೂ ಏನೂ ಆಗಲಿಲ್ಲ ಎಂಬುದರಿಂದ ಪೊಟ್ಟಣ ನಿರಪರಾಧಿ ಆಗುವುದಿಲ್ಲ. ಹನ್ನೆರಡಕ್ಕೆ ಉಂಡವರಿಗೂ ಮೂರಕ್ಕೆ ಉಂಡವರಿಗೂ ನಡುವೆ ಮೂರು ಗಂಟೆ ಇದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿ ಅಂದರೆ ಮೂರು ಗಂಟೆಯಲ್ಲಿ ಅರುವತ್ತನಾಲ್ಕು ಪಟ್ಟು. ಜೊತೆಗೆ ಪ್ರಾಯವಾದವರ ದೇಹ ಇಂಥದ್ದನ್ನು ತಡೆದುಕೊಳ್ಳುವುದು ಕಡಿಮೆ.

ನೀವು ಮಾಡಿದ ಒಂದು ಕೆಲಸ ಎಲ್ಲ ಕಡೆ ಮಾಡುತ್ತಾರೆ, ಅದು ಸರಿಯೆಂದೇ ತಿಳಿದಿರುತ್ತಾರೆ. ಅನ್ನ 'ಆರಲು' ಬಿಡುವುದು. ಬಿಸಿ ಅನ್ನ ಕಟ್ಟಿದರೆ ಹಳಸುತ್ತದೆ ಎಂದು ಹಿರಿಯರು ಹೇಳಿದ್ದು ನಿಜವೇ. ಬಿಸಿಯ ಆವಿ ಎಲೆಯೊಳಗೆ ನೀರಾಗಿ ಅನ್ನ ಒದ್ದೆಯಾಗುತ್ತದೆ. ಆದರೆ ಅರ್ಧ ಆರಿದ ಅನ್ನ ಕಟ್ಟಿ, ಒಂದರ ಮೇಲೊಂದು ಪೇರಿಸಿಟ್ಟರೆ ಅದಕ್ಕಿಂತ ಅಪಾಯ. ಒಮ್ಮೆ ಒಂದು ಕಡೆ ಪೊಟ್ಟಣಗಳನ್ನು ದೊಡ್ಡ ಪ್ಲಾಸ್ಟಿಕ್ ಕ್ರೇಟಿನಲ್ಲಿ ಪೇರಿಸಿ, ಮೇಲೆ ಗೋಣಿ ಮುಚ್ಚಿದ್ದರು. ಬದಿಯಲ್ಲಿದ್ದ ಪೊಟ್ಟಣ ಮುಟ್ಟಿದರೆ ತಣ್ಣಗೆ. ನಡುವಿನದನ್ನು ತೆಗೆದು ಥರ್ಮಾಮೀಟರಿನ ಕಡ್ಡಿ ಚುಚ್ಚಿ ನೋಡಿದೆವು. ನಲುವತ್ತು ಡಿಗ್ರಿಯ ಹತ್ತಿರ. ಕಟ್ಟಿ ಮೂರು ಗಂಟೆ ಕಳೆದಿತ್ತು. ಬ್ಯಾಕ್ಟೀರಿಯಾಕ್ಕೆ ಅದು ಕಾವು ಕೂತ ಕೋಳಿಯ ಬುಡದಷ್ಟು ಹಿತವಾದ ಜಾಗ.

ನಿಯಮ ಒಂದೇ. ಬೇಯಿಸಿದ ಊಟ 60 ಡಿಗ್ರಿಗಿಂತ ಮೇಲೆ ಇರಬೇಕು, ಇಲ್ಲವಾದರೆ 5 ಡಿಗ್ರಿಗಿಂತ ಕೆಳಗೆ. ನಡುವಿನ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. 2022 ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಶಾಲಾ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು, ತುಂಬ ಜನ ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಸಿಕ್ಕಿದ್ದು ಶಿಗೆಲ್ಲ, ಬೇರೆಯೇ ಬ್ಯಾಕ್ಟೀರಿಯಾ. ಇಂಥ ಘಟನೆಗಳ ನಂತರ 2023 ರ ಜನವರಿಯಲ್ಲಿ ಕೇರಳ ಸರ್ಕಾರ ಪಾರ್ಸೆಲ್ ಊಟದ ಮೇಲೆ ತಯಾರಿಸಿದ ಹೊತ್ತು, ಎಷ್ಟರೊಳಗೆ ತಿನ್ನಬೇಕು ಎಂಬ ಚೀಟಿ ಕಡ್ಡಾಯ ಮಾಡಿತು. ಹೋಟೆಲಿನವರಿಗೆ ಮಾಡಿದ ಈ ಚೀಟಿಯ ನಿಯಮ ನಿಮಗೆ ಅವರಿಗಿಂತ ಹೆಚ್ಚು ಬೇಕು. ಹೋಟೆಲಿನಿಂದ ತಂದವರು ಕೂಡಲೇ ತಿನ್ನುತ್ತಾರೆ. ಕಷ್ಟದ ಮನೆಯವರು ಅರ್ಧ ಎತ್ತಿಡುತ್ತಾರೆ. ಕೆಲಸಕ್ಕೆ ಹೋದ ಮಗನಿಗೆ, ಇಲ್ಲವೇ ರಾತ್ರಿಗೆ. ನಿಮ್ಮ ಅಜ್ಜಿ ಮೂರು ಗಂಟೆಯವರೆಗೆ ಯಾಕೆ ಕಾದರು ಎಂದು ಯಾರಾದರೂ ಕೇಳಿದಿರಾ?

ರೇಷನ್ ಇರುವಾಗ ಹಸಿವು ಹೇಗೆ

ಕೇಳುವವರ ಮೇಲೆ ಸಿಟ್ಟು ಮಾಡಬೇಡಿ. ಪ್ರಶ್ನೆ ನ್ಯಾಯವಾದದ್ದೇ. ಕೇರಳದಲ್ಲಿ ರೇಷನ್ ಚೆನ್ನಾಗಿ ನಡೆಯುತ್ತದೆ. ಅತಿ ಬಡವರ ಹಳದಿ ಕಾರ್ಡಿನ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ, ಉಳಿದ ಬಡವರ ಗುಲಾಬಿ ಕಾರ್ಡಿನವರಿಗೆ ತಲೆಗೆ 5 ಕಿಲೋ. 64,006 ಕುಟುಂಬಗಳನ್ನು ಕಡುಬಡವರೆಂದು ಗುರುತಿಸಿ, ಅವರಿಗೆ ಬೇಕಾದ್ದು ಒದಗಿಸಿ, 2025 ರ ನವೆಂಬರ್ 1 ರಂದು ಕಡುಬಡತನ ಮುಗಿಯಿತೆಂದು ರಾಜ್ಯ ಘೋಷಿಸಿದ್ದೂ ಆಗಿದೆ.

ಈಗ ಲೆಕ್ಕ ನೋಡಿ. ತಿಂಗಳಿಗೆ 5 ಕಿಲೋ ಅಕ್ಕಿ ಅಂದರೆ ದಿನಕ್ಕೆ 165 ಗ್ರಾಂ. ಅದರಿಂದ ಸಿಗುವುದು ಸುಮಾರು 570 ಕ್ಯಾಲರಿ. ಕೂತು ಕೆಲಸ ಮಾಡುವ ಹೆಂಗಸಿಗೂ ದಿನಕ್ಕೆ 1,660 ಕ್ಯಾಲರಿ ಬೇಕೆಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಬೀಡಿ ಕಟ್ಟುವವರು ಕೂತು ಕೆಲಸ ಮಾಡುವವರೇ. ತೋಟದಲ್ಲಿ ಅಡಿಕೆ ಹೆಕ್ಕುವವರಿಗೆ ಇದು ಸಾಲದು. ಉಳಿದ ಮೂರನೇ ಎರಡು ಪಾಲು ಅವರು ದುಡಿದು ತರಬೇಕು. ಬೇಳೆ, ಎಣ್ಣೆ, ಮೀನು, ತರಕಾರಿ ಎಲ್ಲ ಆ ದುಡ್ಡಿನಿಂದಲೇ.

ಆಟಿಯಲ್ಲಿ ದುಡ್ಡು ನಿಲ್ಲುತ್ತದೆ. ಮಳೆಗೆ ಗುಡ್ಡೆ ಕೆಲಸ ಇಲ್ಲ, ಕಟ್ಟಡದ ಕೆಲಸ ಇಲ್ಲ. ಕಂಗಿಗೆ (ಅಡಿಕೆ ಮರಕ್ಕೆ) ಮದ್ದು ಬಿಡುವ ಕೆಲಸ ಹತ್ತಬಲ್ಲವರಿಗೆ ಮಾತ್ರ. ಕುಂಬಳೆ, ಮಂಜೇಶ್ವರ ಕಡೆ ಜೂನ್ 9 ರಿಂದ ಜುಲೈ 31 ರವರೆಗೆ ಟ್ರಾಲಿಂಗ್ ನಿಷೇಧ, ಬೋಟಿನವರಿಗೂ ಅವರನ್ನು ನಂಬಿದ ಕೂಲಿಯವರಿಗೂ ಕೈ ಖಾಲಿ. ನಮ್ಮ ಹಿರಿಯರು ತಗತೆ ಸೊಪ್ಪು, ಕಣಿಲೆ, ಕೆಸುವಿನೆಲೆಯಲ್ಲಿ ಆಟಿ ದಾಟಿಸಿದ್ದು ರುಚಿಗೆಂದೇ ಅಲ್ಲ. ಒಟ್ಟಿನಲ್ಲಿ ನಮ್ಮ ಕಡೆಯ ಹಸಿವು ಇಡೀ ವರ್ಷದ್ದಲ್ಲ, ಇಡೀ ಮನೆಯದ್ದೂ ಅಲ್ಲ. ಕೆಲವು ವಾರಗಳದ್ದು. ಮನೆಯಲ್ಲಿ ಒಬ್ಬರದ್ದು. ಹೆಚ್ಚಾಗಿ ಕೊನೆಗೆ ಉಣ್ಣುವ ಹೆಂಗಸಿನದ್ದು, ಇಲ್ಲವಾದರೆ ಒಂಟಿ ಮುದುಕರದ್ದು. ಇನ್ನೊಂದು ರೀತಿಯದ್ದೂ ಇದೆ. ಅಕ್ಕಿ ಡಬ್ಬದಲ್ಲಿದೆ, ಬೇಯಿಸಲು ಆಗುವುದಿಲ್ಲ. ಕಟ್ಟಿಗೆ ಒದ್ದೆ, ಗ್ಯಾಸ್ ಮುಗಿದಿದೆ, ಅಡಿಗೆ ಮಾಡುವವರು ಜ್ವರದಲ್ಲಿ ಮಲಗಿದ್ದಾರೆ.

ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಮಾತೂ ನಿಮ್ಮಲ್ಲಿ ಬಂದಿರಬಹುದು. ವಾರಕ್ಕೊಂದು ಊಟ ಸಿಗುತ್ತದೆಂದು ಆರು ದಿನದ ಕೂಲಿ ಬಿಟ್ಟವರನ್ನು ನಾನು ನೋಡಿಲ್ಲ.

ಯಾವ ಮನೆಗೆ ಏನು

ಆದ್ದರಿಂದ ಪೊಟ್ಟಣವೋ ಕಿಟ್ಟೋ ಎಂಬ ನಿಮ್ಮ ಜಗಳಕ್ಕೆ ಒಂದೇ ಉತ್ತರ ಇಲ್ಲ. ಅಡಿಗೆ ಮಾಡಬಲ್ಲವರು ಇರುವ ಮನೆಗೆ ಸಾಮಾನು ಕೊಡಿ. ಮಾಡಲಾಗದ ಮನೆಗೆ ಊಟ ಕೊಡಿ. ನಿಮ್ಮ 60 ಮನೆಗಳನ್ನು ಹೀಗೆ ಬೇರ್ಪಡಿಸಿದರೆ ಬೇಯಿಸಿದ ಊಟ ನಿಜವಾಗಿ ಬೇಕಾದ ಮನೆಗಳು ಕೆಲವೇ ಉಳಿದಾವು. ಆಗ ಆ ಕೆಲವು ಮನೆಗೆ ವಾರಕ್ಕೊಮ್ಮೆಯ ಬದಲು ವಾರದಲ್ಲಿ ಮೂರ್ನಾಲ್ಕು ದಿನ, ಬಿಸಿಬಿಸಿಯಾಗಿ ಮುಟ್ಟಿಸಲು ಆಗುತ್ತದೆ. ಭಾನುವಾರ ಮಾತ್ರ ಹಸಿವಾಗುವವರು ಯಾರೂ ಇಲ್ಲ ಅಲ್ವಾ?

ಬೇರ್ಪಡಿಸುವ ಕೆಲಸ ನೀವೇ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಮಾಡಬೇಡಿ. ಎದುರು ಬಂದು ಕೇಳಿದರೆ 'ನಮಗೇನೂ ಕಷ್ಟ ಇಲ್ಲ' ಎಂದೇ ಹೇಳುತ್ತಾರೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪರಿಶಿಷ್ಟ ಪಂಗಡದ ಪ್ರಮೋಟರ್, ಇವರಿಗೆ ಗೊತ್ತಿರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವುದು ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ. ಮಲಗಿದಲ್ಲೇ ಇರುವವರ ಮನೆಗೆ ಅವರು ಹೋಗುತ್ತಲೇ ಇರುತ್ತಾರೆ, ಒಲೆ ಹೊತ್ತಿದೆಯಾ ಇಲ್ಲವಾ ಎಂದು ಕಣ್ಣಾರೆ ನೋಡುತ್ತಾರೆ.

ಮಲಗಿದಲ್ಲೇ ಇರುವವರ ವಿಷಯ ಬಂದದ್ದರಿಂದ ಒಂದು ಅಪಾಯ ಹೇಳಲೇಬೇಕು. ನಿಮ್ಮ ಸುತ್ತಲಿನ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು ಎಲ್ಲ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಚೆಲ್ಲುವುದು 2000 ಕ್ಕೆ ನಿಂತಿತು. ನರದ ತೊಂದರೆಯಿಂದ ನುಂಗಲು ಕಷ್ಟಪಡುವ ಮಕ್ಕಳು, ಈಗ ದೊಡ್ಡವರಾದವರು, ಇನ್ನೂ ಇದ್ದಾರೆ. ಅಂಥ ಒಂದು ಮನೆಯಲ್ಲಿ ತಾಯಿ ಪೊಟ್ಟಣ ಬಿಚ್ಚಿದ್ದನ್ನು ನೋಡಿದ್ದೇನೆ. ಕುಚ್ಚಲಕ್ಕಿ ಅನ್ನ, ತೆಳ್ಳಗಿನ ಸಾಂಬಾರು, ಕ್ಯಾಬೇಜ್ ಪಲ್ಯ. ಅವರು ಪಲ್ಯ ಬದಿಗಿಟ್ಟರು. ಅನ್ನಕ್ಕೆ ಬಿಸಿ ನೀರು ಹಾಕಿ ಕಿವುಚಿದರು. ಸ್ಟೀಲಿನ ಜರಡಿಯಲ್ಲಿ ಬೆರಳಿನಿಂದ ಉಜ್ಜಿ ಉಜ್ಜಿ ಕೆಳಗೆ ಬಿದ್ದ ಗಟ್ಟಿ ಗಂಜಿಯನ್ನು ಚಮಚದ ತುದಿಯಲ್ಲಿ ಕೊಟ್ಟರು. ಮಗನಿಗೆ ಊಟ ಮುಗಿಯುವಾಗ ಮುಕ್ಕಾಲು ಗಂಟೆ. ಹೊಸಬರು ಯಾರಾದರೂ ಅದೇ ಅನ್ನ ಸಾಂಬಾರು ಕಲಸಿ ತಿನ್ನಿಸಿದ್ದರೆ? ಗಟ್ಟಿ ಅಗುಳು ಮತ್ತು ನೀರು ಎರಡೂ ಬೆರೆತ ಊಟ ಇಂಥವರಿಗೆ ತುಂಬ ಅಪಾಯ. ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪಾರ್ಶ್ವವಾಯು ಆದವರಿಗೂ ಹೀಗೆಯೇ. ಈ ಮನೆಗಳಿಗೆ ಏನು ಕೊಡಬೇಕೆಂದು ನರ್ಸನ್ನೇ ಕೇಳಿ. ಹೆಚ್ಚಾಗಿ ಅವರು ಹೇಳುವುದು ರಾಗಿ ಹುಡಿ, ಹೆಸರುಬೇಳೆ, ಮೊಟ್ಟೆ. ಕೆಲವೊಮ್ಮೆ ಒಂದು ಮಿಕ್ಸಿ.

ಇನ್ನೊಂದು ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು, ಮಾತ್ರೆ ನುಂಗಿ ನಿಮ್ಮ ಪೊಟ್ಟಣಕ್ಕೆ ಕಾಯುವವರಿದ್ದಾರೆ. ಒಂದು ಗಂಟೆಗೆ ಬರಬೇಕಾದ್ದು ಎರಡೂವರೆಗೆ ಬಂದರೆ ಅಷ್ಟರಲ್ಲಿ ಸಕ್ಕರೆ ಇಳಿದು ಬೆವರಿ, ತಲೆ ತಿರುಗಿ ಬೀಳಬಹುದು. ಇಂಥವರ ಮನೆ ದಾರಿಯಲ್ಲಿ ಮೊದಲು ಬರುವಂತೆ ಮಾಡಿ. ಬರಲು ಆಗದ ದಿನ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿ.

ತೋಡಿನ ಬದಿಯ ಪೊಟ್ಟಣಗಳ ಬಗ್ಗೆ ಬೇಸರ ಬೇಡ. ಸಾಂಬಾರಿಗೆ ನೆನೆದು ಮುದ್ದೆಯಾದದ್ದು, ಅದೇ ದಿನ ಬೇರೆ ಕಡೆಯಿಂದಲೂ ಊಟ ಬಂದದ್ದು, ಮನೆಯಲ್ಲಿ ಆಗಲೇ ಅಡಿಗೆ ಆಗಿದ್ದದ್ದು, ಇಂಥ ಸಾದಾ ಕಾರಣಗಳೇ ಹೆಚ್ಚು. ಬರುವುದು ಯಾವಾಗ, ಎಷ್ಟು ಬೇಕು ಎಂದು ಹಿಂದಿನ ದಿನ ಕೇಳಿದರೆ ಮುಗಿಯಿತು. ಆದರೆ ಅದು ಕೊರಗ ಬುಡಕಟ್ಟಿನವರ ಕಾಲನಿ ಆಗಿದ್ದರೆ ಬೇರೆ ಮಾತಿದೆ, ಮುಂದೆ ಬರುತ್ತದೆ.

ನೀವೇ ಬೇಯಿಸುವುದಾದರೆ

ಗಡಿಯಾರವನ್ನು ಹಿಂದಿನಿಂದ ಓಡಿಸಿ. ಕೊನೆಯ ಮನೆಯವರು ಒಂದು ಗಂಟೆಗೆ ಉಣ್ಣಬೇಕು. ಹಾಗಾದರೆ ಹನ್ನೆರಡಕ್ಕೆ ಗಾಡಿ ಹೊರಡಬೇಕು, ಹನ್ನೊಂದೂವರೆಗೆ ಕಟ್ಟಲು ಶುರು, ಹನ್ನೊಂದೂಕಾಲಿಗೆ ಅನ್ನ ಇಳಿಯಬೇಕು. ಬೆಳಿಗ್ಗೆ ಬೇಗ ಮುಗಿಸಿ ನಿರಾಳವಾಗುವ ಆಸೆ ಬಿಡಿ. ಬೆಳಿಗ್ಗೆ ತರಕಾರಿ ಹೆಚ್ಚಿ, ಎಲೆ ಬಾಡಿಸಿಡಿ, ಬೆಂಕಿ ಮಾತ್ರ ತಡವಾಗಿ ಹಾಕಿ. ಎರಡು ಗಾಡಿ ಎರಡು ದಾರಿಯಲ್ಲಿ ಹೋದರೆ ಒಂದು ಗಂಟೆ ಉಳಿಯುತ್ತದೆ. ಕಟ್ಟಿದ್ದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡಿ. ಪ್ರತಿ ಪೊಟ್ಟಣದ ಮೇಲೆ 'ಮಧ್ಯಾಹ್ನ ಎರಡು ಗಂಟೆಯ ಮೊದಲು ಉಣ್ಣಿ, ರಾತ್ರಿಗೆ ಇಡಬೇಡಿ' ಎಂದು ಕನ್ನಡ, ಮಲಯಾಳ ಎರಡರಲ್ಲೂ ಚೀಟಿ. ಓದಲು ಬಾರದವರಿಗೆ ತುಳುವಿನಲ್ಲೋ ಮರಾಟಿಯಲ್ಲೋ ಬಾಯಲ್ಲಿ ಹೇಳಿ. ರಾತ್ರಿಗೂ ಬೇಕಾದ ಮನೆ ಎಂದು ಗೊತ್ತಿದ್ದರೆ ಅವಲಕ್ಕಿ, ಬಾಳೆಹಣ್ಣು, ಹುರಿಗಡಲೆ ಜೊತೆಗೆ ಕೊಡಿ. ಅನ್ನ ಎತ್ತಿಡುವ ಅಗತ್ಯ ಆಗ ಬೀಳುವುದಿಲ್ಲ.

ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ಬೇಗ ಕೆಡುತ್ತದೆ. ಅರೆದ ಮಸಾಲೆ ಹಾಕಿದ ಮೇಲೆ ಚೆನ್ನಾಗಿ ಕುದಿಸದೆ ಇಳಿಸುವುದು ನಮ್ಮ ಅಭ್ಯಾಸ. ಪೊಟ್ಟಣಕ್ಕೆ ಹಸಿ ಚಟ್ನಿ ಬೇಡವೇ ಬೇಡ. ಬೇಳೆ ತೊವ್ವೆ, ಹುಣಸೆ ಹಾಕಿದ ಹುಳಿ, ನೀರಿಲ್ಲದ ಪಲ್ಯ ಒಳ್ಳೆಯದು. ಕ್ಯಾಬೇಜಿನ ಬದಲು ಅಲಸಂಡೆ ಕಾಳೋ ಹೆಸರುಕಾಳೋ ಹಾಕಿ. ಅನ್ನ ಅವರ ಮನೆಯಲ್ಲೂ ಇದೆ, ಇಲ್ಲದ್ದು ಕಾಳು ಮತ್ತು ಮೊಟ್ಟೆ. ತಿನ್ನುವವರಿಗೆ ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸುಲಿಯದೆ ಕೊಡಿ. ಮಜ್ಜಿಗೆಗೆ ಕುದಿಸಿ ಆರಿಸಿದ ನೀರೇ ಆಗಬೇಕು. ಮಳೆಗಾಲದ ಬಾವಿ ನೀರಿನಿಂದ ಕಾಮಾಲೆ ಹರಡುವುದು ಹೀಗೆಯೇ.

ಎಲೆಯಲ್ಲಿ ಕಟ್ಟಿದರೆ ಹಾಳಾಗುವುದಿಲ್ಲ ಎಂಬ ನಂಬಿಕೆಗೆ ಆಧಾರ ಇಲ್ಲ. ಬೆಂಕಿಗೆ ಹಿಡಿದು ಬಾಡಿಸಿದ ಎಲೆ ಶುದ್ಧ, ಬೇಗ ಹರಿಯುವುದಿಲ್ಲ, ಅಷ್ಟು ಒಳ್ಳೆಯದು. ಹೊರಗೆ ಪೇಪರ್ ಸುತ್ತಿದಾಗ ಎಲೆ ಹರಿದು ಸಾಂಬಾರು ಶಾಯಿಗೆ ತಾಗಬಾರದು. ಪತ್ರಿಕೆಯಲ್ಲಿ ಆಹಾರ ಸುತ್ತಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016 ರಲ್ಲೇ ಹೇಳಿದೆ. ಖಾಲಿ ಬ್ರೌನ್ ಕಾಗದ ಸಾಕು.

ಕಟ್ಟುವವರಲ್ಲಿ ಯಾರಿಗಾದರೂ ಕಳೆದ ಎರಡು ದಿನದಲ್ಲಿ ವಾಂತಿ ಭೇದಿ ಆಗಿದ್ದರೆ, ಕೈಯಲ್ಲಿ ಕೀವಾದ ಗಾಯ ಇದ್ದರೆ ಅವರಿಗೆ ಗಾಡಿ ಓಡಿಸುವ ಕೆಲಸ ಕೊಡಿ. ಗ್ಲೌಸಿನ ಮೇಲೆ ಅತಿ ನಂಬಿಕೆ ಬೇಡ. ಗ್ಲೌಸ್ ಹಾಕಿಕೊಂಡೇ ಫೋನ್ ಎತ್ತುತ್ತಾರೆ, ಮೂಗು ಒರೆಸುತ್ತಾರೆ. ಸೋಪು ಹಾಕಿ ತೊಳೆದ ಕೈ, ಉದ್ದ ಹಿಡಿಯ ಸೌಟು ಅದಕ್ಕಿಂತ ಮೇಲು. ಪ್ರತಿ ಸಲ ಒಂದು ಪೊಟ್ಟಣ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಟ್ಟಿರಿ. ಯಾರಿಗಾದರೂ ತೊಂದರೆಯಾದರೆ ಪರೀಕ್ಷೆಗೆ ಕೊಡಬಹುದು. ನಿಮ್ಮ ಮೇಲೆ ಸುಳ್ಳು ಅಪವಾದ ಬಂದರೂ ಅದೇ ಸಾಕ್ಷಿ.

ಒಲೆ ನಿಮಗೆ ಭಾರವಾದರೆ, ದೊಡ್ಡ ಆಸ್ಪತ್ರೆಗಳಲ್ಲಿ ಪೊದಿಚೋರು (ಎಲೆಯಲ್ಲಿ ಕಟ್ಟಿದ ಊಟ) ಹಂಚುವ ಕೇರಳದ ಕ್ರಮವೂ ಇದೆ. ಪ್ರತಿ ಮನೆಯಲ್ಲಿ ತಮ್ಮ ಅಡಿಗೆಯ ಜೊತೆ ಒಂದು ಪೊಟ್ಟಣ ಹೆಚ್ಚು ಕಟ್ಟಿಡುವುದು. ಚಿಕ್ಕ ಪಾತ್ರೆಯ ಊಟ, ತಾಜಾ. ತೊಂದರೆಯಾದರೂ ಒಂದೇ ಪೊಟ್ಟಣಕ್ಕೆ. ಆದರೆ ಯಾವ ಮನೆಯವರು ಎಷ್ಟು ಹೊತ್ತಿಗೆ ಬೇಯಿಸಿದರೆಂದು ನಿಮಗೆ ಗೊತ್ತಾಗುವುದಿಲ್ಲ, ಹೊತ್ತು ಬರೆದ ಚೀಟಿ ಇಲ್ಲದ್ದನ್ನು ತೆಗೆದುಕೊಳ್ಳಬಾರದು.

ಮದುವೆ ಹಾಲ್‌ನ ಊಟ

ಇದಕ್ಕೆ ನಾನು ಒಪ್ಪುವುದಿಲ್ಲ. ಉಳಿದ ಊಟ ಹಂಚುವುದು ಕಾನೂನಿನಲ್ಲಿ ತಪ್ಪಲ್ಲ, 2019 ರಲ್ಲಿ ಇದಕ್ಕೆಂದೇ ನಿಯಮ ಬಂದಿದೆ. ದೊಡ್ಡ ನಗರಗಳಲ್ಲಿ ತಣ್ಣನೆಯ ಗಾಡಿ ಇಟ್ಟುಕೊಂಡು ಚೆನ್ನಾಗಿ ಮಾಡುವವರಿದ್ದಾರೆ. ನಮ್ಮಲ್ಲಿ ಏನಾಗುತ್ತದೆ? ಹತ್ತೂವರೆಗೆ ಬೆಂದದ್ದು, ಮೂರನೇ ಪಂಕ್ತಿ ಮುಗಿಯುವಾಗ ಎರಡೂವರೆ. ಆಮೇಲೆ ಫೋನ್ ಬರುತ್ತದೆ. ನೀವು ಹೋಗಿ, ತುಂಬಿಸಿ, ಹಂಚುವಾಗ ಐದು. ನಿಮ್ಮ ಅಜ್ಜಿಯ ಪೊಟ್ಟಣಕ್ಕಿಂತ ಇದು ಉತ್ತಮವಾಗಲು ಸಾಧ್ಯವಿಲ್ಲ. ಹೋಳಿಗೆ, ಲಾಡು, ಹಪ್ಪಳ, ಸುಲಿಯದ ಹಣ್ಣು ಬೇಕಾದರೆ ತನ್ನಿ.

ನನಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ. ಕೊರಗ ಸಮುದಾಯದವರನ್ನು ಅಜಲು ಎಂಬ ಹೆಸರಿನಲ್ಲಿ ತಲೆಮಾರುಗಳ ಕಾಲ ಹೇಗೆ ನಡೆಸಿಕೊಂಡರು ಎಂದು ತುಳುನಾಡಿನವರಿಗೆ ಹೇಳಬೇಕಾಗಿಲ್ಲ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿದ ನಾಡಿದು. ಔತಣ ನಡೆಯುವಾಗ ಅವರು ಹೊರಗೆ ಎಲೆ ಎಸೆಯುವ ಕಡೆ ಕಾಯಬೇಕಿತ್ತು. ಗಡಿಯಾಚೆ ಕರ್ನಾಟಕದಲ್ಲಿ 2000 ರಲ್ಲಿ ಕಾನೂನು ತಂದು ಅಜಲನ್ನು ನಿಷೇಧಿಸಬೇಕಾಯಿತು. ಇಂಥ ನೆನಪಿರುವ ಮನೆಯ ಬಾಗಿಲಿಗೆ ಸಂಜೆ ಹೊತ್ತು ಮದುವೆಯಲ್ಲಿ ಉಳಿದದ್ದನ್ನು ಹಿಡಿದುಕೊಂಡು ಹೋದರೆ ನಿಮ್ಮ ಮನಸ್ಸಿನಲ್ಲಿ ಎಷ್ಟೇ ಪ್ರೀತಿ ಇರಲಿ, ಅವರಿಗೆ ಕಾಣುವುದು ಬೇರೆ. ಅವರು ಅದನ್ನು ತೋಡಿಗೆ ಎಸೆದರೆ ಸರಿಯಾಗಿಯೇ ಮಾಡಿದರೆಂದು ನಾನು ಹೇಳುತ್ತೇನೆ. ಆ ಕಾಲನಿಗೆ ಏನಾದರೂ ಮಾಡಬೇಕೆಂದಿದ್ದರೆ ಅಲ್ಲಿಯ ಹೆಂಗಸರನ್ನೇ ಅಡಿಗೆಯ ಯೋಜನೆಗೆ ಕರೆಯಿರಿ, ಸಂಬಳ ಕೊಡುವಲ್ಲಿ ಅವರಿಗೂ ಕೊಡಿ, ಅವರು ಬೇಯಿಸಿದ್ದನ್ನು ನೀವೂ ಕೂತು ಉಣ್ಣಿ.

ಹಾಗೆಯೇ ಫೋಟೊ. ಪಾತ್ರೆಯ ಫೋಟೊ ತೆಗೆಯಿರಿ, ಪೊಟ್ಟಣದ್ದು ತೆಗೆಯಿರಿ, ಬಿಲ್ಲಿನದ್ದು ತೆಗೆಯಿರಿ. ಕೈ ಚಾಚಿದವರದ್ದು ಬೇಡ. ಅವರ ಮಗಳು ನಿಮ್ಮೂರಿನ ಶಾಲೆಗೇ ಹೋಗುತ್ತಾಳೆ.

ಸಾಮಾನು ಕೊಡುವುದಾದರೆ

ಅಕ್ಕಿ ಹಾಕಿ ಚೀಲ ದೊಡ್ಡದು ಮಾಡಬೇಡಿ. ಬೇಳೆ, ಎಣ್ಣೆ, ನೆಲಗಡಲೆ, ಮೊಟ್ಟೆ, ಬೆಲ್ಲ, ನೀರುಳ್ಳಿ, ಸೋಪು, ಬೆಂಕಿಪೆಟ್ಟಿಗೆ. ಕಟ್ಟಿಗೆ ಒದ್ದೆ ಇರುವ ಮನೆಗೆ ಹುರುಳಿ, ಕಡಲೆ ಕೊಟ್ಟರೆ ಬೇಯುವುದಿಲ್ಲ. ಬೇಗ ಬೇಯುವ ಹೆಸರುಬೇಳೆ, ತೊಗರಿಬೇಳೆ ಆಗಬೇಕು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿದ್ದರೆ ಅಂಗನವಾಡಿಯ ಅಮೃತಂ ಹುಡಿ ಬರುತ್ತಿದೆಯಾ ಎಂದು ವಿಚಾರಿಸಿ. ಅದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಲ್ಲೇ ರೂಪುಗೊಂಡದ್ದು. ಅಂಗಡಿಯ ದುಬಾರಿ ಡಬ್ಬಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ.

ಬೇಳೆಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಎಂದರೆ, ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಮಾಡಿದ ಒಂದು ದೊಡ್ಡ ಅಧ್ಯಯನ 2023 ರಲ್ಲಿ ಪ್ರಕಟವಾಯಿತು. ಕ್ಷಯ ರೋಗಿಗಳ ಮನೆಯವರಿಗೆ ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಕೊಟ್ಟರು. ಕೊಡದ ಮನೆಗಳಿಗೆ ಹೋಲಿಸಿದರೆ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39 ರಷ್ಟು ಕಡಿಮೆಯಾಯಿತು. ಮದ್ದಿನಿಂದಲ್ಲ, ಊಟದಿಂದ! ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ನಿಕ್ಷಯ್ ಮಿತ್ರ ಎಂಬ ವ್ಯವಸ್ಥೆ ಇದೆ, 2022 ರಿಂದ. ರೋಗಿಯ ಒಪ್ಪಿಗೆ ಪಡೆದು ತಿಂಗಳ ಆಹಾರದ ಬುಟ್ಟಿಯನ್ನು ಸಂಘ ಸಂಸ್ಥೆಗಳು ಕೊಡಬಹುದು. ಹೆಸರು ಗುಟ್ಟಾಗಿ ಉಳಿಯಬೇಕು. 60 ಪೊಟ್ಟಣಕ್ಕೆ ಹಾಕುವ ದುಡ್ಡಿನಲ್ಲಿ ಕೆಲವೇ ಕೆಲವು ಮನೆಗಳನ್ನು ಹೀಗೆ ಆರು ತಿಂಗಳು ನೋಡಿಕೊಂಡರೆ ಅದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಕಾಣುವುದಿಲ್ಲ.

ಕಿಟ್ಟಿಗೂ ಅದರದೇ ತೊಂದರೆ ಇದೆ. ಎಣ್ಣೆ, ಸಕ್ಕರೆ ಅಂಗಡಿಗೆ ಮಾರಾಟವಾಗಬಹುದು. ಹಾಗಾದರೆ ಆ ಮನೆಗೆ ದುಡ್ಡಿನ ಅಗತ್ಯ ಹೆಚ್ಚು ಎಂದು ತಿಳಿಯಿರಿ, ಮೋಸ ಎಂದು ತಿಳಿಯಬೇಡಿ.

ಲೈಸೆನ್ಸ್ ಮತ್ತು ಕಾರ್ಡು

2006 ರ ಆಹಾರ ಸುರಕ್ಷತಾ ಕಾನೂನು ಲಾಭಕ್ಕಾಗಲಿ, ಲಾಭ ಇಲ್ಲದೆಯಾಗಲಿ ಆಹಾರ ತಯಾರಿಸಿ ಹಂಚುವ ಎಲ್ಲರಿಗೂ ಅನ್ವಯಿಸುತ್ತದೆ. ನೆರೆಮನೆಗೆ ಒಂದು ತಟ್ಟೆ ಪಾಯಸ ಕೊಟ್ಟದ್ದಕ್ಕೆ ಯಾರೂ ಬರುವುದಿಲ್ಲ. ಆದರೆ ನೀವು ಪ್ರತಿ ವಾರ 60 ಪೊಟ್ಟಣ ಹಂಚುವ ಸಂಘ. ನೋಂದಣಿ ಮಾಡಿಸಿಕೊಳ್ಳಿ. ಶುಲ್ಕ ಹೆಚ್ಚಿಲ್ಲ, ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸಬಹುದು. ಅಡಿಗೆಯವರ ಹೆಲ್ತ್ ಕಾರ್ಡ್, ಬಾವಿ ನೀರಿನ ಪರೀಕ್ಷೆ ಆ ನೆಪದಲ್ಲಿ ಆಗಿಬಿಡುತ್ತದೆ. ಅಧಿಕಾರಿಗಳ ಹತ್ತಿರ ನೀವೇ ಹೋಗಿ ಕೇಳಿದರೆ ಅವರು ಹೆಚ್ಚಾಗಿ ಸಹಾಯವನ್ನೇ ಮಾಡುತ್ತಾರೆ. ದೂರು ಹೋದ ಮೇಲೆ ಅವರು ಬಂದರೆ ಮಾತೇ ಬೇರೆ.

ಕೊನೆಯದಾಗಿ, ಒಲೆ ಹಚ್ಚದೆಯೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಪಟ್ಟಿಯ ಪ್ರತಿ ಮನೆಯ ರೇಷನ್ ಕಾರ್ಡಿನ ಬಣ್ಣ ನೋಡಿ. ಗಂಡ ತೀರಿಕೊಂಡ ಮೇಲೂ, ಕ್ಯಾನ್ಸರ್ ಬಂದ ಮೇಲೂ ಬಡವರದ್ದಲ್ಲದ ಬಿಳಿ ಕಾರ್ಡಿನಲ್ಲೇ ಉಳಿದವರು ಸಿಗುತ್ತಾರೆ. ಬೆರಳಿನ ಗೆರೆ ಸವೆದು ಮೆಷಿನು ಹಿಡಿಯದೆ ಬರಿಗೈಯಲ್ಲಿ ಹಿಂದೆ ಬಂದವರು ಸಿಗುತ್ತಾರೆ. ನಮ್ಮ ಕಡೆಯ ಹಳಬರು ಓದಿದ್ದರೆ ಕನ್ನಡ ಓದಿರುತ್ತಾರೆ, ಮಾತಾಡುವುದು ತುಳುವೋ ಮರಾಟಿಯೋ. ಕೈಗೆ ಬರುವ ನಮೂನೆ ಮಲಯಾಳದ್ದು. ಅದನ್ನು ಮಡಚಿ ದೇವರ ಫೋಟೊದ ಹಿಂದೆ ಇಟ್ಟುಬಿಡುತ್ತಾರೆ. ನಿಮ್ಮ ಸಂಘದಲ್ಲಿ ಎರಡೂ ಭಾಷೆ ಬರೆಯಬಲ್ಲ ಹುಡುಗರು ಹುಡುಗಿಯರು ಇದ್ದೇ ಇದ್ದಾರೆ. ಕಾರ್ಡ್ ಬದಲಾವಣೆ, ಪಿಂಚಣಿ, ಚಿಕಿತ್ಸೆಯ ಸಹಾಯ, ಎಲ್ಲದಕ್ಕೂ ಅವರು ಕೂತು ಅರ್ಜಿ ತುಂಬಲಿ, ಜೊತೆಗೆ ತಾಲೂಕು ಸಪ್ಲೈ ಆಫೀಸಿಗೂ ಹೋಗಿ ಬರಲಿ. ಬಿಳಿಯಿಂದ ಗುಲಾಬಿಗೆ ಬದಲಾದ ಒಂದು ಕಾರ್ಡು ನಾಲ್ಕು ಜನರ ಮನೆಗೆ ತಿಂಗಳಿಗೆ 20 ಕಿಲೋ ಧಾನ್ಯ ತರುತ್ತದೆ, ಪ್ರತಿ ತಿಂಗಳೂ. ಅರ್ಜಿಯ ನಂಬರು, ಹಾಕಿದ ತಾರೀಕು ನಿಮ್ಮ ಸಂಘದ ಪುಸ್ತಕದಲ್ಲೂ ಬರೆದಿಡಿ. ಅಕ್ಷಯದವರು ಕೊಡುವ ರಸೀದಿ ಆ ಮನೆಗಳಲ್ಲಿ ಮಳೆಗಾಲ ದಾಟಿ ಉಳಿಯುವುದು ಕಷ್ಟ.